ಅಗಸ್ತ್ಯ ನಕ್ಷತ್ರ ಹುಡುಕೋದು ಹೀಗೆ

ಫೆಬ್ರವರಿ ಮಧ್ಯದಲ್ಲಿ ರಾತ್ರಿ 9 ಗಂಟೆಗೆ ಮಹಡಿ ಹತ್ತಿ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಮೇಲೆ ಬೆಳ್ಳಗೆ ಜೋರಾಗಿ ಹೊಳೆಯುವುದು ಲುಬ್ಧಕ. ಅಲ್ಲಿಂದ ಹೆಚ್ಚು ಕಡಿಮೆ ನೇರ ಕೆಳಗೆ ಬನ್ನಿ. ಕೈ ಚಾಚಿ ಮುಷ್ಟಿ ಹಿಡಿದು ಅಳೆದರೆ, ದಿಗಂತದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ ಅಗಸ್ತ್ಯ ಸಿಗುತ್ತದೆ. ಲುಬ್ಧಕ ಬಿಟ್ಟರೆ ರಾತ್ರಿ ಆಕಾಶದಲ್ಲಿ ಇದೇ ಅತಿ ಪ್ರಕಾಶದ ನಕ್ಷತ್ರ. ಈ ಬೆಳಕು ಅಲ್ಲಿಂದ ಹೊರಟು ಸುಮಾರು 310 ವರ್ಷ ಆಗಿದೆ!

ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ದಕ್ಷಿಣಕ್ಕೇ ಇದೆ ಅಲ್ವಾ, ಆ ಊರಿನ ದೀಪಗಳ ಬೆಳಕು ಅಡ್ಡ ಬರುತ್ತದೆ. ನಮ್ಮ ಕೋಲಾರಕ್ಕೆ ಬೆಂಗಳೂರು ಪಶ್ಚಿಮಕ್ಕಿರುವುದರಿಂದ ಆ ತೊಂದರೆ ಕಡಿಮೆ. ಮೊಬೈಲ್ ಆರಿಸಿ ಕಾಲು ಗಂಟೆ ಸುಮ್ನೆ ಕತ್ತಲಲ್ಲಿ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ. ಮಕ್ಕಳನ್ನೂ ಕರೆದು ತೋರಿಸಿ. ದೆಹಲಿಯಲ್ಲಿ ಅಗಸ್ತ್ಯ ಒಂದು ಮುಷ್ಟಿಯಷ್ಟೂ ಮೇಲೇರುವುದಿಲ್ಲ.