ಕಳಚಿ ಜೋಡಿಸುವ ಪರ್ಷಿಯನ್ ಸಿಂಹಾಸನ: ರಂಗಕ್ಕೂ ಸ್ತಬ್ಧಚಿತ್ರಕ್ಕೂ

ಮಂಗಳೂರು ದಸರಾದ ಸ್ತಬ್ಧಚಿತ್ರಕ್ಕೋ ಉಡುಪಿಯ ನಾಟಕ ಸ್ಪರ್ಧೆಗೋ ಪರ್ಷಿಯಾದ ದೊರೆಯ ಸಿಂಹಾಸನ ಬೇಕೆಂದರೆ, ಬಾಡಿಗೆ ಅಂಗಡಿಯಿಂದ ಬರುವುದು ಹೆಚ್ಚಾಗಿ ಮದುವೆ ಹಾಲಿನ ಕೆಂಪು ಮಖಮಲ್ಲಿನ ಕುರ್ಚಿಯೇ. ಸ್ವಂತ ಮಾಡಿಸುವುದಾದರೆ ಮೊದಲು ಯಾವ ಕಾಲದ ದೊರೆ ಎಂಬುದು ತೀರ್ಮಾನವಾಗಲಿ.

ಪಾತ್ರ ಪ್ರಾಚೀನ ಪರ್ಷಿಯಾದ ದೊರೆ ದಾರಿಯಸನದ್ದಾದರೆ, ಅವನ ಅರಮನೆಯಿದ್ದ ಪರ್ಸೆಪೊಲಿಸ್‌ನ ಕಲ್ಲಿನ ಉಬ್ಬುಶಿಲ್ಪಗಳನ್ನು ನೋಡಿಕೊಳ್ಳಿ. ನೆಟ್ಟಗೆ ನಿಂತ ಎತ್ತರದ ಒರಗು, ಲೇತ್‌ನಲ್ಲಿ ಕಡೆದಂಥ ಕಾಲುಗಳು, ಅವುಗಳ ಬುಡದಲ್ಲಿ ಸಿಂಹದ ಪಂಜ. ಮುಂದಿರುವ ಕಾಲ್ಮಣೆಯ ಕಾಲುಗಳಿಗೆ ಮಾತ್ರ ಹೋರಿಯ ಗೊರಸು. ದೊರೆಯ ಪಾದ ನೆಲಕ್ಕೆ ತಾಗುವುದಿಲ್ಲ, ಕಾಲ್ಮಣೆ ಬಿಟ್ಟರೆ ಚಿತ್ರ ಕೆಡುತ್ತದೆ. ಪರ್ಷಿಯಾದ ದೊರೆ ನಾದಿರ್ ಷಾ 1739ರಲ್ಲಿ ಮಾಡಿದ ದೆಹಲಿ ಲೂಟಿಯ ಕಥೆಯಾದರೆ ಬೇಕಾದದ್ದು ಷಹಜಹಾನ್ 1635ರಲ್ಲಿ ಏರಿದ ಮಯೂರ ಸಿಂಹಾಸನ. ಅದು ಮೊಘಲರದ್ದು, ಕಂಬಗಳ ಮೇಲೆ ಮೇಲ್ಕಟ್ಟು ಇರುವ ಮಂಟಪ. ಅದರ ಕೆಲಸವೇ ಬೇರೆ, ಇಲ್ಲಿ ಹಿಡಿಸುವುದಿಲ್ಲ.

ರಂಗಕ್ಕೆ ಒಗ್ಗುವುದು ಟೆಹರಾನಿನ ನಾದೇರಿ ಸಿಂಹಾಸನ. ಹೆಸರು ಕೇಳಿ ನಾದಿರ್ ಷಾನನ್ನು ಅದರ ಮೇಲೆ ಕೂರಿಸಬೇಡಿ. ಅವನು ಕೊಲೆಯಾದದ್ದು 1747ರಲ್ಲಿ. ಇದನ್ನು ಮಾಡಿಸಿದ್ದು 1797ರಿಂದ 1834ರವರೆಗೆ ಆಳಿದ ಕಜಾರ್ ವಂಶದ ದೊರೆ ಫತ್ ಅಲಿ ಷಾ. ಅದೇ ದೊರೆ 1806ರಲ್ಲಿ ಗುಲಿಸ್ತಾನ್ ಅರಮನೆಯಲ್ಲಿ ಯಜ್ದ್‌ನ ಅಮೃತಶಿಲೆಯ 65 ತುಂಡುಗಳಿಂದ ಇನ್ನೊಂದು ಪೀಠ ಮಾಡಿಸಿದ. ಅದು ಅಲುಗಾಡುವ ವಸ್ತುವಲ್ಲ. ನಾದೇರಿಯಾದರೋ ಮರದ್ದು: ಮೇಲೆ ಚಿನ್ನದ ತಗಡು, 26,733 ರತ್ನ, ಸುಮಾರು 225 ಸೆಂಟಿಮೀಟರ್ ಎತ್ತರ. ಬೇಸಿಗೆಯ ಬಿಡಾರಕ್ಕೆ ಹೊತ್ತೊಯ್ಯಲು ಆಗುವಂತೆ 12 ಭಾಗಗಳಾಗಿ ಕಳಚುತ್ತದೆ. 1967ರಲ್ಲಿ ಮೊಹಮ್ಮದ್ ರೆಜಾ ಪಹ್ಲವಿಯ ಪಟ್ಟಾಭಿಷೇಕದಲ್ಲೂ ಇದನ್ನೇ ಬಳಸಿದರು. ಈಗ ಇರುವುದು ಇರಾನಿನ ಸೆಂಟ್ರಲ್ ಬ್ಯಾಂಕಿನ ರತ್ನ ಸಂಗ್ರಹಾಲಯದಲ್ಲಿ. ಟೆಂಪೋದಲ್ಲಿ ಸಾಗಿಸಬೇಕಾದ ನಮಗೆ ಆ ಕಳಚುವ ಗುಣವೇ ಮುಖ್ಯ.

ಅಳತೆ ಹೀಗಿರಲಿ: ಒಟ್ಟು ಎತ್ತರ 180 ಸೆಂ.ಮೀ., ಆಸನದ ಅಗಲ 75, ಆಳ 60. ಕೂರುವ ಹಲಗೆ ನೆಲದಿಂದ 63 ಸೆಂ.ಮೀ. ಮೇಲೆ, ಅದರ ಮುಂದೆ 18 ಸೆಂ.ಮೀ. ಎತ್ತರದ ಮೆಟ್ಟಿಲು. ಆಗ ಪಾದದಿಂದ ಆಸನಕ್ಕೆ 45 ಸೆಂ.ಮೀ. ಸಿಗುತ್ತದೆ. ಮೂಲದ ಅಳತೆಯನ್ನು ಎಷ್ಟೇ ಕುಗ್ಗಿಸಿದರೂ ಈ 45ನ್ನು ಕುಗ್ಗಿಸಬೇಡಿ; ಕುಗ್ಗಿಸಿದರೆ ನಟನ ಮೊಣಕಾಲು ಎದೆಗೆ ಬರುತ್ತದೆ.

ಭಾಗಗಳು ಒಂಬತ್ತು: ಮೆಟ್ಟಿಲ ಪೆಟ್ಟಿಗೆ, ಮುಂದಿನ ಮತ್ತು ಹಿಂದಿನ ಕಾಲಿನ ಚೌಕಟ್ಟು, ಎರಡು ಪಕ್ಕದ ಚೌಕಟ್ಟು, ಕೂರುವ ಹಲಗೆ, ಎರಡು ಕೈ, ಒರಗು. ಕಾಲುಗಳಿಗೆ 5×5 ಸೆಂ.ಮೀ. ಹೆಬ್ಬಲಸು, ಆಸನಕ್ಕೆ 18 ಮಿ.ಮೀ., ಒರಗಿಗೆ 12 ಮಿ.ಮೀ. ಮೆರೈನ್ ಪ್ಲೈವುಡ್. ಆಸನದ ಅಡಿಯಲ್ಲಿ ಅಡ್ಡಪಟ್ಟಿ ಒಂದಿರಲಿ.

ಮುರಿಯುವುದು ಬಹುತೇಕ ಒರಗಿನ ಬುಡದಲ್ಲಿ. 117 ಸೆಂ.ಮೀ. ಎತ್ತರದ ಹಲಗೆಗೆ ವೇಷಧಾರಿ ಬೆನ್ನು ಕೊಟ್ಟಾಗ ಒತ್ತಡವೆಲ್ಲ ಆ ಕೂಡುಜಾಗಕ್ಕೇ ಬೀಳುತ್ತದೆ. ಆಸನದ ಅಂಚಿಗೆ ಎಲ್ ಕ್ಲಾಂಪ್ ಹೊಡೆದು ನಿಲ್ಲಿಸಿದ್ದು ಎರಡನೇ ಪ್ರದರ್ಶನಕ್ಕೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಒರಗಿನ ಹಿಂದೆ ಎರಡು ಊರುಗೋಲು ಕೊಟ್ಟು, ಅವು ಆಸನದಿಂದ ಕೆಳಗೆ 45 ಸೆಂ.ಮೀ. ಇಳಿದು ಹಿಂದಿನ ಚೌಕಟ್ಟಿಗೆ ಅಂಟಿ ನಿಲ್ಲುವಂತೆ ಮಾಡಿಸಿ. ಒಂದೊಂದಕ್ಕೂ 10 ಮಿ.ಮೀ. ಬೋಲ್ಟ್ ಎರಡೆರಡು, ನಡುವೆ 30 ಸೆಂ.ಮೀ. ಅಂತರ. ಒಂದೇ ಬೋಲ್ಟ್ ಇದ್ದರೆ ಊರುಗೋಲು ಅದರ ಸುತ್ತ ತಿರುಗುತ್ತದೆ. ದೊಡ್ಡ ವಾಷರ್, ವಿಂಗ್ ನಟ್ ಹಾಕಿದರೆ ಪಾನಾ ಹುಡುಕುವ ಕೆಲಸವಿಲ್ಲ. ಬೋಲ್ಟು ಸ್ಟೇನ್‌ಲೆಸ್ ಆಗಿರಲಿ, ನಮ್ಮ ಕಡಲ ಗಾಳಿಗೆ ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ತೂತಿನಲ್ಲೇ ಕಚ್ಚಿಕೊಳ್ಳುತ್ತದೆ. ಪ್ರತಿ ಕೂಡುಜಾಗದ ಒಳಮೈಗೆ ಜೋಡಿ ಅಂಕೆ ಬರೆಸಿ.

ಒರಗಿನ ಆಕಾರ ಬಿಚ್ಚಿದ ನವಿಲುಗರಿಯದ್ದು. ಬುಡದಲ್ಲಿ 70, ಭುಜದಲ್ಲಿ 85 ಸೆಂ.ಮೀ., ನೆತ್ತಿ ದುಂಡಗೆ. ಅರ್ಧವನ್ನಷ್ಟೇ ಬರೆದು, ಕಾಗದ ಮಡಚಿ ಕತ್ತರಿಸಿ, ಆ ಅಚ್ಚನ್ನೇ ಆಚಾರಿಯವರ ಕೈಗೆ ಕೊಡಿ. ಗರಿಯ ಗೆರೆಗಳಿಗೆ 6 ಮಿ.ಮೀ. ನೂಲಿನ ಹಗ್ಗ ಅಂಟಿಸಿ ಮೇಲೆ ಎರಡು ಕೈ ತೆಳು ಫೆವಿಕಾಲ್ ಬಳಿದರೆ ಕೆತ್ತನೆಯ ಉಬ್ಬು ಬರುತ್ತದೆ. ಮೆಟ್ಟಿಲ ಮುಂಭಾಗಕ್ಕೆ ಸಿಂಹ. ಅದನ್ನು ಫೋಮ್ ಶೀಟಿನಲ್ಲಿ ಕೊರೆಯಿರಿ. ಥರ್ಮೋಕೋಲ್ ಬಳಸುವವರು ರಬ್ಬರ್ ಅಂಟು ತಾಗಿಸಬಾರದು, ಅದರ ದ್ರಾವಕಕ್ಕೆ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ.

ಪ್ಲೈವುಡ್ಡಿನ ಮುಂಭಾಗಕ್ಕೆ ಮಾತ್ರ ಬಣ್ಣ ಹೊಡೆದು ಹಿಂಭಾಗ ಬರಿದೇ ಬಿಟ್ಟರೆ, ಆ ಕಡೆ ತೇವ ಹೀರಿ ಹಲಗೆ ಬಾಗುತ್ತದೆ. ಅಷ್ಟಮಿಗೆ ಬೇಕೆಂದು ಆಟಿ ತಿಂಗಳ ಮಳೆಯಲ್ಲಿ ಕೆಲಸ ಹಿಡಿದರೆ ಇದು ಖಂಡಿತ. ಎರಡೂ ಮೈ, ನಾಲ್ಕೂ ಅಂಚು ಮುಚ್ಚಲೇಬೇಕು. ಆ ದಿನಗಳಲ್ಲಿ ಫೆವಿಕಾಲ್ ಒಂದು ರಾತ್ರಿಗೆ ಒಣಗೀತೆಂದು ನಂಬದೆ ಎರಡು ದಿನ ಕ್ಲಾಂಪಿನಲ್ಲೇ ಬಿಡಿ.

ಚಿನ್ನದ ಬಣ್ಣವನ್ನು ಬಿಳಿ ಪ್ರೈಮರ್ ಮೇಲೆ ಹೊಡೆದರೆ ಹಳದಿಯಾಗಿ ಪೇಲವ ಕಾಣುತ್ತದೆ. ಕೆಳಗೆ ಇಟ್ಟಿಗೆ ಕೆಂಪು ಇರಲಿ. ಚಿನ್ನದ ರೇಕು ಹಚ್ಚುವವರು ಅಡಿಗೆ ಕೆಂಪು ಮಣ್ಣು ಬಳಿಯುವುದೂ ಇದೇ ಕಾರಣಕ್ಕೆ. ಅದರ ಮೇಲೆ ತೆಳುವಾಗಿ ಎರಡು ಕೈ ಚಿನ್ನ. ಒಣಗಿದ ಮೇಲೆ ನೀರಾಗಿಸಿದ ಕಡು ಕಂದು ಹಚ್ಚಿ ಬಟ್ಟೆಯಲ್ಲಿ ಒರೆಸಿದರೆ, ಹಗ್ಗದ ಸಂದಿಯಲ್ಲಿ ಉಳಿದದ್ದು ನೆರಳಾಗುತ್ತದೆ. ಯಕ್ಷಗಾನದ ಮಣಿಸರಕಿಗೆ ಹಚ್ಚುವ ಹೊಳೆಯುವ ಬೇಗಡೆ ಹಾಳೆ ಇಲ್ಲಿಯೂ ಒಪ್ಪುತ್ತದೆ, ಆದರೆ ಅಂಚಿನ ಪಟ್ಟಿಗಷ್ಟೇ. ಇಡೀ ಒರಗಿಗೆ ಹಚ್ಚಿದರೆ ಸ್ಪಾಟ್‌ಲೈಟ್ ಬಿದ್ದಾಗ ದೊರೆಯ ಮುಖವೇ ಕಾಣದು.

ಹರಳುಗಳು ಕೆಂಪು, ಹಸಿರು, ಬಿಳಿ ಸಾಕು. 700ರಷ್ಟು ಬೇಕಾಗಬಹುದು, 10ರಿಂದ 12 ಮಿ.ಮೀ. ಗಾತ್ರದವು. 5ಕ್ಕಿಂತ ಚಿಕ್ಕವು ಹತ್ತನೇ ಸಾಲಿನಿಂದ ಬರೀ ಮಿಣುಕಾಗಿ ಕಾಣುತ್ತವೆ. ಉದುರುವ ಹರಳಿನ ಬೆನ್ನು ನೋಡಿ: ಅಂಟು ಹಾಗೇ ಇರುತ್ತದೆ, ಜೊತೆಗೆ ಚಿನ್ನದ ಬಣ್ಣದ ಪದರವೂ ಎದ್ದು ಬಂದಿರುತ್ತದೆ. ಆದ್ದರಿಂದ ಹರಳು ಕೂರುವ ಜಾಗದಲ್ಲಿ ಬಣ್ಣವನ್ನು ಚಾಕುವಿನ ತುದಿಯಿಂದ ಕೆರೆದು, ಮರಕ್ಕೇ ಅರಾಲ್ಡೈಟ್ ಅಂಟು ಹಿಡಿಯುವಂತೆ ಮಾಡಿ.

ಲಾರಿಯ ಮೇಲೆ ಮೆರವಣಿಗೆಗೆ ಇಡುವುದಾದರೆ ಹಗ್ಗವನ್ನು ನಂಬಬೇಡಿ, ನಾಲ್ಕು ಕಾಲನ್ನೂ ಹಲಗೆಗೆ ಬೋಲ್ಟ್ ಮಾಡಿ. ಟೆಂಪೋಗೆ ಏರಿಸುವಾಗ ಮೊದಲು ಚೌಕಟ್ಟುಗಳು. ಒರಗು ಕೊನೆಗೆ, ಹಳೇ ಕಂಬಳಿ ಸುತ್ತಿ, ನಿಲ್ಲಿಸಿಯೇ. ಮಲಗಿಸಿದರೆ ಅದರ ಮೇಲೆ ಯಾರಾದರೂ ಚೆಂಡೆ ಇಟ್ಟೇ ಇಡುತ್ತಾರೆ. ಬೋಲ್ಟಿನ ಚೀಲವನ್ನು ಕೂರುವ ಹಲಗೆಯ ಅಡಿಗೆ ಕಟ್ಟಿ, ಅದರಲ್ಲಿ ಎರಡು ಹೆಚ್ಚುವರಿ ಬೋಲ್ಟ್ ಇರಲಿ.