ಊಟದ ಬಿಡುವು ನಿಜಕ್ಕೂ ಎಷ್ಟು ಹೊತ್ತು? ಲೆಕ್ಕ ಹಾಕುವುದು ಹೀಗೆ

ತುಮಕೂರಿನ ವಸಂತನರಸಾಪುರವಾಗಲಿ, ಕೋಲಾರದ ನರಸಾಪುರ, ವೇಮಗಲ್ ಆಗಲಿ, ಗೌರಿಬಿದನೂರಾಗಲಿ, ಬಿಡುವಿನ ವಿಷಯದಲ್ಲಿ ಕೆಲಸಗಾರರು ಎಡವುವುದು ಒಂದೇ ಕಡೆ. ‘ಅರ್ಧ ಗಂಟೆ ಕೊಡ್ತಾರಲ್ಲ’ ಎಂದು ಸುಮ್ಮನಾಗುತ್ತಾರೆ. ಆ ಅರ್ಧ ಗಂಟೆ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು, ನಡುವೆ ಯಾರಾದರೂ ಎಬ್ಬಿಸಿದರೇ ಎಂದು ಎಲ್ಲೂ ಬರೆದಿಡುವುದಿಲ್ಲ. ತಿಂಗಳ ಕೊನೆಗೆ ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಕಡಿಮೆ ಬಂದರೆ ಕೇಳಲು ಕೈಯಲ್ಲಿ ದಾಖಲೆಯೇ ಇರುವುದಿಲ್ಲ.

1. ನಿಮಗೆ ಯಾವ ನಿಯಮ?

ಕಾರ್ಖಾನೆಯಾದರೆ 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಲೆಕ್ಕ: ಸತತ 5 ಗಂಟೆ ದುಡಿಯುವುದರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು, ವಾರಕ್ಕೆ 48 ಗಂಟೆ ಕೆಲಸ. ಅಂಗಡಿ, ಶೋರೂಂ, ಹೋಟೆಲ್, ಆಫೀಸಾದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ: ಅದೇ 5 ಗಂಟೆ, ಆದರೆ ಬಿಡುವು ಕನಿಷ್ಠ ಒಂದು ಗಂಟೆ. ಅಂಗಡಿ ಕೆಲಸದವರಲ್ಲಿ ಬಹುಪಾಲು ಜನಕ್ಕೆ ಈ ಒಂದು ಗಂಟೆಯ ವಿಷಯವೇ ಗೊತ್ತಿಲ್ಲ.

2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಅವುಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ, ಓಟಿಗೆ ಎರಡರಷ್ಟು ಕೂಲಿ ಎಂದಿದೆ. ಬಿಡುವಿನ ಅವಧಿಯನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಆದ್ದರಿಂದ ಗೇಟಿನ ಹತ್ತಿರದ ನೋಟಿಸ್ ಬೋರ್ಡಿನಲ್ಲಿ ಹಾಕಿರುವ ಕೆಲಸದ ವೇಳಾಪಟ್ಟಿಯನ್ನು ಒಮ್ಮೆ ಓದಿ, ಬರೆದುಕೊಳ್ಳಿ.

‘ಈಗ 12 ಗಂಟೆ ಕಾನೂನು ಬಂದಿದೆ’ ಎಂದು ಯಾರಾದರೂ ಹೆದರಿಸಿದರೆ ಅಧಿಸೂಚನೆಯ ಪ್ರತಿ ಕೇಳಿ. ದಿನಕ್ಕೆ 12 ಗಂಟೆವರೆಗೆ ಅವಕಾಶ ಕೊಡಲು ಕಾರ್ಖಾನೆ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿಯಲ್ಲೂ ವಾರದ 48 ಗಂಟೆಯ ಮಿತಿ ಹಾಗೇ ಉಳಿದಿತ್ತು, ಕೆಲಸಗಾರರ ಲಿಖಿತ ಒಪ್ಪಿಗೆಯೂ ಬೇಕಿತ್ತು. ದಿನಾಂಕವಿಲ್ಲದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೇಬೇಡಿ.

2. ದಿನಕ್ಕೆ ನಾಲ್ಕು ಸಮಯ ಬರೆಯಿರಿ

ಒಳಗೆ ಬಂದದ್ದು, ಊಟಕ್ಕೆ ಎದ್ದದ್ದು, ಮತ್ತೆ ಕೆಲಸಕ್ಕೆ ನಿಂತದ್ದು, ಹೊರಗೆ ಹೋದದ್ದು. ಜೇಬಿನಲ್ಲಿ ಹಿಡಿಯುವ ಚಿಕ್ಕ ನೋಟ್‌ಬುಕ್ಕೇ ಇದಕ್ಕೆ ಸರಿ. ಎಷ್ಟೋ ಕಾರ್ಖಾನೆಗಳಲ್ಲಿ ಫೋನನ್ನು ಲಾಕರಿನಲ್ಲಿ ಇಟ್ಟೇ ಲೈನಿಗೆ ಹೋಗಬೇಕು. ಹಾಜರಿ ಆ್ಯಪ್‌ಗಳನ್ನು ನಂಬಬೇಡಿ: ಕೆಲವು ನಿಮಿಷಗಳನ್ನು ಕಾಲು ಗಂಟೆಗೆ ಸರಿಹೊಂದಿಸಿಬಿಡುತ್ತವೆ, ಕೆಲವು ಹಳೆಯ ತಿಂಗಳ ಲೆಕ್ಕ ತೋರಿಸುವುದೇ ಇಲ್ಲ. ಜೆಲ್ ಪೆನ್ನೂ ಬೇಡ. ಒದ್ದೆ ಕೈ ತಾಗಿದರೆ ಶಾಯಿ ಕಲೆಸಿಹೋಗುತ್ತದೆ. ಬಾಲ್ ಪೆನ್ ಇರಲಿ.

3. ಯಾವುದು ಬಿಡುವು, ಯಾವುದು ಕೆಲಸ

ಎಲ್ಲರೂ ತಪ್ಪುವುದು ಇಲ್ಲೇ. ಬಿಡುವು ಕೊಡಲೇಬೇಕು ಎನ್ನುವ ಕಾನೂನು, ಆ ಹೊತ್ತಿಗೆ ಸಂಬಳ ಕೊಡಬೇಕು ಎನ್ನುವುದಿಲ್ಲ. ತಿಂಗಳ ಸಂಬಳದವರಿಗೆ ಬಿಡುವಿನ ಲೆಕ್ಕದಲ್ಲಿ ಹಣ ಮುರಿಯುವುದಿಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಆ ಹೊತ್ತಿನ ಕೂಲಿ ಸಿಗದು. ಆದರೆ ಸಂಬಳವಿಲ್ಲದ ಹೊತ್ತು ಪೂರ್ತಿ ನಿಮ್ಮದಾಗಿರಬೇಕು. ಮಿಷನ್ ಪಕ್ಕದಲ್ಲೇ ಕೂತು, ಒಂದು ಕಣ್ಣು ಅದರ ಮೇಲಿಟ್ಟು ಮುದ್ದೆ ನುಂಗುತ್ತಿದ್ದರೆ ಅದು ಕೆಲಸವೇ. ಗಿರಾಕಿ ಬಂದಾಗೆಲ್ಲ ಡಬ್ಬಿ ಮುಚ್ಚಿ ಕೌಂಟರಿಗೆ ಏಳಬೇಕಾದರೆ ಅದೂ ಕೆಲಸವೇ. ಊಟದ ಹೊತ್ತಿನಲ್ಲೇ ಸೂಪರ್‌ವೈಸರ್ ಮೀಟಿಂಗ್ ಕರೆದರೆ ಅದನ್ನು ‘ಮೀಟಿಂಗ್, 1.10ರಿಂದ 1.25’ ಎಂದು ಬೇರೆ ಸಾಲಿನಲ್ಲಿ ಬರೆಯಿರಿ.

ಹತ್ತು ನಿಮಿಷದ ಟೀ ಬ್ರೇಕ್ ಆ ಅರ್ಧ ಗಂಟೆಗೆ ಸೇರುವುದಿಲ್ಲ. ಬೆಳಿಗ್ಗೆ 15, ಮಧ್ಯಾಹ್ನ 15 ನಿಮಿಷ ಕೊಟ್ಟು ಅರ್ಧ ಗಂಟೆ ಆಯಿತು ಎಂದರೂ ಆಗದು.

ಬಿಡುವು ಸರಿಯಾದ ಹೊತ್ತಿಗೆ ಸಿಗುತ್ತಿದೆಯೇ ಎಂದು ನೋಡಲು ಎರಡು ಲೆಕ್ಕ ಸಾಕು. ಕೆಲಸ ಶುರುವಾಗುವ ಹೊತ್ತಿಗೆ 5 ಗಂಟೆ ಕೂಡಿಸಿ: ಅಷ್ಟರೊಳಗೆ ಊಟಕ್ಕೆ ಏಳಬೇಕು. ಕೆಲಸ ಮುಗಿಯುವ ಹೊತ್ತಿನಿಂದ 5 ಗಂಟೆ ಕಳೆಯಿರಿ: ಅದಕ್ಕಿಂತ ಮೊದಲೇ ಬಿಡುವು ಮುಗಿದುಹೋಗಬಾರದು. ಎರಡನೆಯದನ್ನು ಯಾರೂ ನೋಡುವುದಿಲ್ಲ. ಬೆಳಿಗ್ಗೆ 9ರಿಂದ ಸಂಜೆ 6.30ರ ಶಿಫ್ಟಿನಲ್ಲಿ 1ರಿಂದ 1.30 ಊಟವಾದರೆ ಸರಿ. ಕ್ಯಾಂಟೀನ್ ಬ್ಯಾಚ್ ಬದಲಾಗಿ 12.30ಕ್ಕೇ ಕಳಿಸಿದರೆ 1ರಿಂದ 6.30ರವರೆಗೆ ಐದೂವರೆ ಗಂಟೆ ಒಂದೇ ಸಮ ದುಡಿದಂತಾಯಿತು. ಅದು ತಪ್ಪು.

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಒಂದೇ ಪಾಳಿಯಲ್ಲಿ ನಿಲ್ಲಿಸುವ ಬಟ್ಟೆ ಅಂಗಡಿ ಇದೆ ಎಂದುಕೊಳ್ಳಿ. ಒಂದೇ ಬಿಡುವು ಕೊಡುವುದಾದರೆ ಅದು ಸರಿಯಾಗಿ 3ರಿಂದ 4 ಗಂಟೆಯೇ ಆಗಬೇಕು. 1ರಿಂದ 2 ಕೊಟ್ಟರೆ ಆಮೇಲೆ ಏಳು ಗಂಟೆ ನಿಂತಂತಾಗುತ್ತದೆ, ಸಂಜೆ ಇನ್ನೊಂದು ಬಿಡುವು ಬೇಕೇ ಬೇಕು. ಬಿಡುವು ಕಳೆದರೂ ಅಲ್ಲಿ 10 ಗಂಟೆ ಕೆಲಸವಾಗುತ್ತದೆ. ಅಂಗಡಿ ಕಾಯ್ದೆಯ ದಿನದ ಮಿತಿ 9, ಮೇಲಿನ ಒಂದು ಗಂಟೆ ಓಟಿ.

ಪುಟ್ಟ ಮಗುವಿನ ತಾಯಂದಿರಿಗೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಬೇರೆಯೇ ಇವೆ. ಊಟದ ಬಿಡುವಿನಲ್ಲಿ ಅವನ್ನು ಸೇರಿಸುವಂತಿಲ್ಲ, ಸಂಬಳವನ್ನೂ ಮುರಿಯುವಂತಿಲ್ಲ.

4. ವಾರದ ಮೊತ್ತ

ಮೇಲಿನ 9ರಿಂದ 6.30ರ ಶಿಫ್ಟನ್ನೇ ತೆಗೆದುಕೊಳ್ಳಿ. ಊಟ ಕಳೆದರೆ ದಿನಕ್ಕೆ 9 ಗಂಟೆ, ಆರು ದಿನಕ್ಕೆ 54. ಅಂದರೆ 48ರ ಮೇಲೆ 6 ಗಂಟೆ ಓಟಿ. ತಿಂಗಳಿಗೆ 15,600 ರೂಪಾಯಿ ಇದ್ದರೆ ಅದನ್ನು ತಿಂಗಳ ಕೆಲಸದ ದಿನಗಳಾದ 26ರಿಂದ ಭಾಗಿಸಿ: ದಿನಕ್ಕೆ 600. ಅದನ್ನು 8ರಿಂದ ಭಾಗಿಸಿ: ಗಂಟೆಗೆ 75. ಓಟಿ ಎರಡರಷ್ಟು, 150. ವಾರಕ್ಕೆ 900 ರೂಪಾಯಿ. ಮೂಲ ವೇತನದ ಜೊತೆ ಭತ್ಯೆಗಳನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು, ಬೋನಸ್ ಸೇರಿಸಬಾರದು.

ಗುತ್ತಿಗೆದಾರರ ಕೈಕೆಳಗೆ ಇರುವವರು ಸಂಬಳದ ಚೀಟಿಯನ್ನು ಇನ್ನೊಮ್ಮೆ ನೋಡಿ. ಊಟಕ್ಕೆ ಬಿಟ್ಟದ್ದು ಅರ್ಧ ಗಂಟೆಯಾದರೂ ಹಾಜರಿ ಯಂತ್ರ ದಿನಾ ಒಂದು ಗಂಟೆ ತಾನಾಗಿ ಕಳೆಯುವಂತೆ ಸೆಟ್ ಮಾಡಿರುವುದುಂಟು. ನಾಲ್ಕು ಸಮಯ ಬರೆದಿಟ್ಟವರಿಗೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

5. ಕೇಳುವುದು

ಬಾಯಿಮಾತು ಬೇಡ. ಒಂದು ತಿಂಗಳ ಪಟ್ಟಿ ಮಾಡಿ, ದಿನಾಂಕ ಹಾಕಿ ಎಚ್.ಆರ್‌.ಗೆ ಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋಗುವ ಬದಲು ಅದೇ ಲೈನಿನ ನಾಲ್ಕೈದು ಜನ ಸಹಿ ಹಾಕಿದ ಅರ್ಜಿಗೆ ಹೆಚ್ಚು ಬೆಲೆ. ಇದ್ದ ಬಿಡುವನ್ನು ಕಂಪನಿ ಕಡಿತ ಮಾಡುತ್ತಿದ್ದರೆ ಅದು ಕೆಲಸಗಾರರಿಗೆ 21 ದಿನ ಮೊದಲೇ ನೋಟಿಸ್ ಕೊಡಬೇಕು ಎಂಬುದನ್ನು ಅರ್ಜಿಯಲ್ಲಿ ಬರೆಯಿರಿ. ಕೆಲಸದ ವೇಳೆ ಮತ್ತು ಬಿಡುವು ಎರಡೂ ಆ ನಿಯಮಕ್ಕೆ ಒಳಪಟ್ಟಿವೆ.

ಉತ್ತರ ಬರದಿದ್ದರೆ ಅಂಗಡಿ, ಹೋಟೆಲಿನವರು ಕಾರ್ಮಿಕ ಇಲಾಖೆಯ ನಿರೀಕ್ಷಕರ ಬಳಿ, ಕಾರ್ಖಾನೆಯವರು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಹೋಗಬೇಕು. ಜೊತೆಗೆ ಸೀಲು ಬಿದ್ದ ಪ್ರತಿ, ಮೂರು ತಿಂಗಳ ಸಂಬಳದ ಚೀಟಿ, ಗುರುತಿನ ಚೀಟಿಯ ಜೆರಾಕ್ಸ್ ಇರಲಿ. ನೋಟ್‌ಬುಕ್ಕಿನ ಜೆರಾಕ್ಸ್ ಮಾತ್ರ ಕೊಡಿ, ಮೂಲವನ್ನು ಯಾರ ಕೈಗೂ ಕೊಡಬೇಡಿ.