ಮಂಗಳದವರ ಯಂತ್ರ ಎಷ್ಟು ಬಿದ್ದವು?

ಎಚ್.ಜಿ. ವೆಲ್ಸ್ ಅವರ ಕಾದಂಬರಿ ‘ದ ವಾರ್ ಆಫ್ ದ ವರ್ಲ್ಡ್ಸ್’ ಪುಸ್ತಕವಾಗಿ ಬಂದದ್ದು 1898ರಲ್ಲಿ. ನಾನು ಮೂರನೇ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಇತ್ತು. ಮಂಗಳ ಗ್ರಹದವರು ಇಂಗ್ಲೆಂಡಿಗೆ ನುಗ್ಗಿದ್ದು ನಿಜ, ಕಥೆ ಹೇಳುವವನು ಒಬ್ಬ ಸಾಕ್ಷಿ ಅಂತ ಇಟ್ಟುಕೊಂಡೆ. ಪ್ರಶ್ನೆ ಒಂದೇ: ಅವರ ಮೂರು ಕಾಲಿನ ಯಂತ್ರಗಳಲ್ಲಿ ಎಷ್ಟನ್ನು ನಮ್ಮವರು ಉರುಳಿಸಿದರು?

ಸುಲಭ ಅಂದುಕೊಂಡಿದ್ದೆ. ಕಥೆ ನಡೆಯುವ ಸರ್ರೆ ಕಡೆಯ ಮ್ಯಾಪ್ ಗೋಡೆಗೆ ಅಂಟಿಸಿದೆ. ಊರುಗಳೆಲ್ಲ ನಿಜವಾದವೇ. ವೆಲ್ಸ್ ವೋಕಿಂಗ್‌ನಲ್ಲಿದ್ದಾಗ ಸೈಕಲ್ ಮೇಲೆ ಸುತ್ತಿ, ಯಾವ್ಯಾವ ಜಾಗ ಹಾಳುಮಾಡಬೇಕು ಅಂತ ಗುರುತು ಹಾಕಿಕೊಂಡಿದ್ದರಂತೆ! ಮಂಗಳದವರನ್ನು ಹೊತ್ತು ತಂದ ಮೊದಲ ಸಿಲಿಂಡರ್ ಬಿದ್ದ ಹಾರ್ಸೆಲ್ ಬಯಲಿನಿಂದ ಹಿಡಿದು ಪಿನ್ ಚುಚ್ಚುತ್ತಾ ಹೋದೆ. ಲೆಕ್ಕ ನಾಲ್ಕು ಬಂತು.

ಎರಡು ದಿನ ಬಿಟ್ಟು ನೋಡಿದರೆ ಲೆಕ್ಕವೇ ತಪ್ಪು. ಕಂಡದ್ದು, ಕೇಳಿದ್ದು, ಪೇಪರಿನಲ್ಲಿ ಬಂದದ್ದು, ಎಲ್ಲ ಕಲಸಿಬಿಟ್ಟಿದ್ದೆ. ಯಂತ್ರ ಸುಮಾರು ನೂರು ಅಡಿ ಎತ್ತರ, ಎಕ್ಸ್‌ಪ್ರೆಸ್ ರೈಲಿನ ವೇಗ ಅನ್ನೋದು ಪೇಪರ್ ಮಾತು. ಒಂದೊಂದಕ್ಕೆ ಒಂದೊಂದು ಅಂತ ಮೂರು ಬಣ್ಣದ ಪೆನ್ನು ತಂದು ಮೊದಲಿನಿಂದ ಶುರು ಮಾಡಿದೆ: ಕಂಡದ್ದಕ್ಕೆ ಹಸಿರು, ಕೇಳಿದ್ದಕ್ಕೆ ನೀಲಿ.

ಥೇಮ್ಸ್ ನದಿ ದಡದ ಷೆಪರ್ಟನ್‌ನದು ಗಟ್ಟಿ. ಶೆಲ್ ಯಂತ್ರದ ಮುಖಕ್ಕೇ ಬಡಿದದ್ದನ್ನು ನಿರೂಪಕ ನದಿಯೊಳಗೆ ನಿಂತು ನೋಡಿದ್ದಾನೆ. ಹಸಿರು ಪೆನ್ನು.

ಸೇಂಟ್ ಜಾರ್ಜಸ್ ಹಿಲ್‌ನಲ್ಲಿ ಅವನಿರಲೇ ಇಲ್ಲ. ಅಲ್ಲಿ ಪೈನ್ ಮರಗಳ ಮರೆಯಿಂದ, ಸುಮಾರು ಸಾವಿರ ಗಜ ದೂರದಿಂದ ಹೊಡೆದ ಏಟಿಗೆ ಒಂದು ಕಾಲು ಮುರಿದು ಯಂತ್ರ ಬಿತ್ತು. ಬಿದ್ದವನು ಉದ್ದಕ್ಕೆ ಕೂಗಿಕೊಂಡ. ಆಮೇಲೆ ತೆವಳುತ್ತಾ ಹೊರಬಂದು ಕಾಲು ರಿಪೇರಿಗೆ ಕೂತ! ರಾತ್ರಿ ಒಂಬತ್ತರ ಹೊತ್ತಿಗೆ ಮುಗಿಸಿಯೂಬಿಟ್ಟ. ಇದನ್ನು ನಾನು ‘ನಾಶ’ ಅಂತ ಬರೆದಿದ್ದೆ. ಸುಮ್ನೆ ಒಂದು ಜಾಸ್ತಿ.

ಉಳಿದ ಎರಡು ಥಂಡರ್ ಚೈಲ್ಡ್ ಅನ್ನೋ ಯುದ್ಧ ಹಡಗಿನ ಪಾಲು. ಅದನ್ನು ಎಸೆಕ್ಸ್ ಸಮುದ್ರದಲ್ಲಿ ಕಂಡವನು ನಿರೂಪಕನ ತಮ್ಮ, ಅದೂ ಹೊಗೆ, ಹಬೆಯ ನಡುವೆ. ಎರಡು ಅಂತಲೇ ಇಟ್ಟೆ, ಆದರೆ ನೀಲಿ ಪೆನ್ನಿನಲ್ಲಿ.

ಅಂದರೆ ಮೂರು. ಅದಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಆ ಒಂಬತ್ತು ಗಂಟೆ. ರಿಪೇರಿ ಮುಗಿದು ಕೆಲವೇ ನಿಮಿಷಕ್ಕೆ ಇನ್ನೂ ನಾಲ್ಕು ಯಂತ್ರ ಬಂದು ಸೇರುತ್ತವೆ, ಪ್ರತಿಯೊಂದರ ಕೈಯಲ್ಲೂ ದಪ್ಪ ಕಪ್ಪು ಕೊಳವೆ. ಮರೆಯಲ್ಲಿದ್ದ ಫಿರಂಗಿಗಳನ್ನು ಮುಗಿಸಿದ ವಿಷದ ಕಪ್ಪು ಹೊಗೆ ಬಂದದ್ದು ಅದರಿಂದಲೇ. ಮುರಿದ ಕಾಲಿಗೆ ಕೊಟ್ಟ ಉತ್ತರ ಇದು ಅಂತ ಮೊದಲು ಬರೆದೆ. ಹಾಗಾದರೆ ಬಿದ್ದವನ ಆ ಕೂಗೇ ‘ಕೊಳವೆ ತನ್ನಿ’ ಅಂತಲಾ? ಅಥವಾ ಮಧ್ಯಾಹ್ನ ಷೆಪರ್ಟನ್‌ನಲ್ಲಿ ಒಬ್ಬ ಸತ್ತಾಗಲೇ ತೀರ್ಮಾನ ಆಗಿತ್ತಾ? ಮ್ಯಾಪಿನ ಆ ಜಾಗದಲ್ಲಿ ಈಗಲೂ ಪೆನ್ಸಿಲ್ ಗುರುತೇ ಇದೆ.